ಹಲ್ಲುಗಳ ನಡುವಿನ ಸಂದು

ಹಲ್ಲುಗಳು ಹತ್ತಿರ ಬಂದಿದ್ದವು.

ಇಂಪನಾ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತೆಳ್ಳನೆಯ ಪ್ಲಾಸ್ಟಿಕ್ಕಿನ ಮೇಲೆ ಬೆಳ್ಳಿ ಶಾಯಿಯಲ್ಲಿ ಅಚ್ಚಾದ ಎರಡು ಬಾಚಣಿಗೆಗಳು, ಒಂದರ ಸಂದಿಗೆ ಇನ್ನೊಂದರ ಹಲ್ಲು. ಒಂದನ್ನೊಂದು ಮುಟ್ಟಬಾರದು, ದೂರವೂ ಆಗಬಾರದು. ಆ ಅಂತರ ಹುಡುಕುವುದರಲ್ಲೇ ಅವಳ ಎರಡು ಬೇಸಿಗೆ ಕಳೆದಿದ್ದವು. ಈಗ ಅದು ಕಿರಿದಾಗಿತ್ತು. ಶಾಯಿ ಹರಡಿದ್ದಲ್ಲ, ಅಂಚುಗಳು ಚೊಕ್ಕವಾಗಿದ್ದವು. ಯಾರೋ ಬೇಕೆಂದೇ ಎಳೆದ ಗೆರೆ.

ಯಾರೋ ಏನು. ಅಚ್ಚಿನ ಹೊಸ ಫ್ರೇಮು ಮಾಡಿಸಿಕೊಂಡು ಬಂದವನು ಗಂಡ ದಯಾನಂದ. ನಿನ್ನೆ ಒಲೆಯ ಮೇಲೆ ಅನ್ನಕ್ಕಿಟ್ಟು, ಅವಸರದಲ್ಲಿ ಅಚ್ಚು ಹಾಕಿದವಳು ಅವಳೇ. ಹಾಳೆಗಳಿಂದ ಕತ್ತರಿಸಿದ ಅಷ್ಟೂ ಚೀಟಿಗಳು ಆಗಲೇ ತೆಂಗಿನಕಾಯಿಗಳಿಗೆ ಅಂಟಿದ್ದವು.

ಕಂದಿಕೆರೆಯ ಆ ಮನೆಯ ಮುಂದಿನ ಕೋಣೆಯಲ್ಲಿ, ಮಾವ ಇದ್ದಾಗ, ಮದುವೆ ಕಾರ್ಡು ಅಚ್ಚಾಗುತ್ತಿದ್ದವು. ಅದೇ ಮೇಜು, ಶಾಯಿ ಎಳೆಯುವ ಅದೇ ರಬ್ಬರ್ ಪಟ್ಟಿ. ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಸೊಸೆ ಬಂಗಾರದ ಬಣ್ಣದ ಬದಲು ವಿದ್ಯುತ್ ಹರಿಯುವ ಶಾಯಿ ಸುರಿದಳು. ಚೀಟಿಯನ್ನು ಕಾಯಿಯ ದುಂಡು ಚಿಪ್ಪಿಗೆ ಸುತ್ತಿ ಫೋನು ಹಿಡಿದರೆ, ಒಡೆಯದೆಯೇ ಒಳಗಿನದು ತಿಳಿಯಬೇಕು. ಫೋನಿನಲ್ಲಿ ಹಸಿರು ಬಂದರೆ ಕೊಬ್ಬರಿ. ಕೆಂಪು ಬಂದರೆ ಇನ್ನೂ ಹಸಿ.

ಊರಿನವರಿಗೆ ಚೀಟಿ ಬೇಕಿರಲಿಲ್ಲ. ವರ್ಷವಿಡೀ ಅಟ್ಟದ ಮೇಲೆ ಬಿದ್ದಿದ್ದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ನೀರು ಇಂಗಿ, ಚಿಪ್ಪು ಬಿಟ್ಟ ಕೊಬ್ಬರಿ ಒಳಗೆ ಲೊಡಲೊಡ ಎಂದರೆ ಮುಗಿಯಿತು. ತಿಪಟೂರಿನ ಕಡೆ ಹೊಸದಾಗಿ ಬಂದ ಖರೀದಿ ಕಂಪನಿಗೆ ಮಾತ್ರ ಕಿವಿ ಸಾಲದಾಯಿತು. ಚೀಟಿಯನ್ನು ಮೊದಲು ನಂಬಿದವಳು ಅತ್ತೆ ಶಿವರುದ್ರಮ್ಮ. ಪರೀಕ್ಷೆಗೆ ತನ್ನ ಅಟ್ಟವನ್ನೇ ಬಿಟ್ಟುಕೊಟ್ಟಳು. ಸೊಸೆ ಮಾಡಿದ್ದು ಎಂದು ಬೀದಿಯವರನ್ನೆಲ್ಲ ಕರೆದು ತೋರಿಸಿದಳು. ಬೀದಿ ನಂಬಿದ್ದು ಚೀಟಿಯನ್ನಲ್ಲ, ಶಿವರುದ್ರಮ್ಮನನ್ನು.

ದಯಾನಂದ ಅಂಗಳದಲ್ಲಿ ಸ್ಕೂಟರ್ ಒರೆಸುತ್ತಿದ್ದ.

"ರೀ, ಸಂದು ಯಾಕೆ ಕಮ್ಮಿ ಆಗಿದೆ?"

"ಯಾವ ಸಂದು?"

ಅವಳು ಹಾಳೆ ಚಾಚಿದಳು. ಅವನು ನೋಡಲಿಲ್ಲ.

"ಕಂಪನಿಯವರು ಒಂಚೂರು ಸರಿ ಮಾಡಿಕೊಟ್ರು."

"ಇದ್ರಲ್ಲಿ ಒಣಗಿದ್ದೂ ಹಸಿ ಅಂತಲೇ ಬರುತ್ತೆ."

ಅವನು ಕನ್ನಡಿಯನ್ನು ಇನ್ನಷ್ಟು ಉಜ್ಜಿದ. ಕೆಂಪು ಬಂದರೆ ಹಸಿಕಾಯಿಯ ಅಗ್ಗದ ದರ, ಹಸಿರು ಬಂದರೆ ಕೊಬ್ಬರಿಯ ದರ. ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಅವನು ಬೇರೇನೋ ಹೇಳಿದ. ಕಂಪನಿಯಿಂದ ಹೊಸ ಅಚ್ಚಿನ ಮೆಷಿನ್ ಬರುತ್ತದೆ, ಅವಳ ಹೆಸರಿನಲ್ಲೇ, ಬೋರ್ಡಿನ ಮೇಲೂ ಅವಳದೇ ಹೆಸರು. ಮಗಳಿಗೆ ಕಹಿ ಔಷಧಿ ಕುಡಿಸುವಾಗಿನ ದನಿ ಅದು. ಅಷ್ಟು ಮೃದುವಾಗಿ ಅವನು ತನ್ನೊಡನೆ ಮಾತಾಡಿ ಎಷ್ಟು ದಿನವಾಯಿತು ಎಂದು ಅವಳು ಯೋಚಿಸಿದಳು. ನಾಚಿಕೆಯಾಯಿತು.

"ಅತ್ತೆ ಕಾಯಿಗೂ ಇದೇನಾ?"

"ನಮ್ಮನೇದು ಬುಟ್ರೆ ಬೀದಿಯವ್ರಿಗೆ ಅನುಮಾನ ಬರಲ್ವೇನೆ?"

ಸ್ಕೂಟರ್ ಹೊರಟುಹೋಯಿತು. ಕನ್ನಡಿ ಫಳಫಳ ಹೊಳೆಯುತ್ತಿತ್ತು.

ಮಧ್ಯಾಹ್ನ ಪಾತ್ರೆ ತೊಳೆದಳು. ಬಟ್ಟೆ ಹರವಿದಳು. ಹೇಳಬೇಕಾದ ಮಾತನ್ನು ಪ್ರತಿ ಬಟ್ಟೆಯ ಜೊತೆ ಒಮ್ಮೆ ಹಿಂಡಿ ನೋಡಿದಳು. ನಿಮ್ಮ ಮಗ ಎಂದು ಶುರುವಾಗುತ್ತಿತ್ತು, ನಾನು ಎಂದು ಮುಗಿಯುತ್ತಿತ್ತು.

ನೆರಳು ಉದ್ದವಾಗುವ ಹೊತ್ತಿಗೆ ಜಗಲಿಯಲ್ಲಿ ಮಗಳು ಸೌಂದರ್ಯಳನ್ನು ಕೂರಿಸಿಕೊಂಡು ತಲೆ ಬಾಚತೊಡಗಿದಳು. ಅಂಗಳದಲ್ಲಿ ಸುಲಿದ ಕಾಯಿಯ ರಾಶಿ. ಸುಲಿದದ್ದನ್ನು ಮತ್ತೆ ಅಟ್ಟಕ್ಕೆ ಹಾಕುವ ಹಾಗಿಲ್ಲ. ಹಸಿಯಾಗಿದ್ದರೆ ಚಿಪ್ಪು ಬಿರಿದು ಕೊಳೆಯುತ್ತದೆ, ಸಿಕ್ಕ ದರಕ್ಕೆ ಕೊಡಬೇಕು. ಶಿವರುದ್ರಮ್ಮ ಕಾಯಿಗೆ ಫೋನು ಹಿಡಿದಳು. ಕೆಂಪು. ಇನ್ನೊಂದು. ಕೆಂಪು. ಫೋನನ್ನು ಸೆರಗಿನಿಂದ ಒರೆಸಿ ಹಿಡಿದಳು. ಕೆಂಪು.

ಆಮೇಲೆ ಕಾಯಿಯನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿದಳು. ಲೊಡಲೊಡ. ಜಗಲಿಯವರೆಗೂ ಕೇಳಿತು. ಇನ್ನೊಂದು ಕಿವಿಗೆ ಬದಲಾಯಿಸಿದಳು. ಫೋನು ನೋಡಿದಳು. ಸೊಸೆಯನ್ನು ನೋಡಿದಳು.

"ಈ ಚೀಟಿ ನೀನೇ ಅಚ್ಚು ಹಾಕಿದ್ದು ತಾನೇನಮ್ಮ?"

ಬಾಚಣಿಗೆ ಸಿಕ್ಕಿನಲ್ಲಿ ನಿಂತಿತು. ಮಗಳು ನೋವೆಂದು ಮುಖ ಕಿವುಚಿದಳು.

"ಹೂಂ, ಅತ್ತೆ."

ಸುಳ್ಳಲ್ಲ. ಪಟ್ಟಿ ಎಳೆದ ಕೈ ಅವಳದೇ.

"ಹಂಗಾದ್ರೆ ನನ್ ಕಿವೀಗೇ ವಯಸ್ಸಾಯ್ತು ಬುಡು," ಎಂದಳು ಶಿವರುದ್ರಮ್ಮ. ದನಿಯಲ್ಲಿ ಬೇಸರವೂ ಇರಲಿಲ್ಲ. ಕಾಯಿಯನ್ನು ಮೆಲ್ಲಗೆ ರಾಶಿಯ ಮೇಲಿಟ್ಟಳು, ನಿದ್ದೆ ಹೋದ ಕೂಸನ್ನು ಇಡುವಂತೆ. ಎದುರು ಮನೆಯ ಗುರುಶಾಂತಮ್ಮ ಕಾಂಪೌಂಡಿನ ಆಚೆಯಿಂದ ಏನು ಬಂತೆಂದು ಕೇಳಿದಳು. ಹಸಿ ಐತಂತೆ, ನಿಂದೂ ಲಾರಿಗೆ ಹಾಕ್ಬುಡು ಎಂದು ಶಿವರುದ್ರಮ್ಮ ಕೂಗಿ ಹೇಳಿದಳು.

ಈಗ ಹೇಳಬಹುದಿತ್ತು. ಇಂಪನಾ ಬಾಯಿ ತೆರೆದಳು. ನಾಲಿಗೆ ಹಸಿ ಕೊಬ್ಬರಿಯಂತೆ ಚಿಪ್ಪು ಬಿಡದೆ ಕೂತಿತ್ತು. ಕಂಪನಿಯ ಲಾರಿ ಬಂದು ನಿಂತಿತು.

ಎರಡೂ ಮನೆಯ ಕಾಯಿ ತುಂಬಿಕೊಂಡು ಹೊರಟ ಲಾರಿ ಬೀದಿಯ ತಗ್ಗಿಗೆ ಇಳಿಯಿತು. ಮೂಟೆಗಳ ಒಳಗಿಂದ ಒಟ್ಟಿಗೇ ಸದ್ದೆದ್ದಿತು. ವರ್ಷವಿಡೀ ಅಟ್ಟದ ಕತ್ತಲಲ್ಲಿ ಸುಮ್ಮನಿದ್ದವೆಲ್ಲ ಒಂದೇ ಉಸಿರಿಗೆ ಲೊಡಲೊಡ ಎಂದವು. ಡ್ರೈವರ್ ಹಾಡಿನ ದನಿ ಏರಿಸಿದ.

ಶಿವರುದ್ರಮ್ಮ ಕತ್ತು ಚಾಚಿದಳು.

"ಆ ಲಾರೀಲಿ ಏನೋ ಸಡಿಲ ಆದಂಗೈತಲ್ಲ. ನಿಂಗೂ ಕೇಳ್ತಾ ಐತಾ?"

ಇಂಪನಾಳ ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಮಗಳ ಅರ್ಧ ಜಡೆ. ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಅವಳೊಳಗೆ ಏನೂ ಅಲ್ಲಾಡಲಿಲ್ಲ.