ಕಲ್ಲಿನ ಜಾಗಕ್ಕೆ ಬಂದ ಮೂರುಮೂಲಿ

ನಾನೊಂದು ತ್ರಿಕೋನ. ಗಣಿತದ ಪುಸ್ತಕದೊಳಗೆ ಮಲಗಿರುವ ತ್ರಿಕೋನವೆಂದುಕೊಳ್ಳಬೇಡಿ. ಗಾಡಿ ನಡುರಸ್ತೆಯಲ್ಲಿ ಕೆಟ್ಟು ನಿಂತಾಗ ಅದರಿಂದ ಬಲುದೂರ ಹಿಂದೆ ನಿಂತು, ಬರುವವರಿಗೆ "ನಿಧಾನ, ಮುಂದೆ ಅಪಾಯವಿದೆ" ಎಂದು ಹೇಳುವುದು ನನ್ನ ಕೆಲಸ. ನನಗೆ ಬೆಳಕು ಬಿದ್ದರೆ ಹೊಳೆಯುವ ಮೂರು ಕೆಂಪು ತೋಳುಗಳಿವೆ, ಅಡಿಯಲ್ಲಿ ನಾಲ್ಕು ಕಬ್ಬಿಣದ ಕಾಲುಗಳಿವೆ. ಮಡಚಿದರೆ ಮೊಳದುದ್ದದ ಡಬ್ಬಿಯಲ್ಲಿ ಹಿಡಿಯುತ್ತೇನೆ.

ನಾನು ಹುಟ್ಟಿದ್ದು ಜರ್ಮನಿಯ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಹುಟ್ಟಿದ ಪ್ರತಿ ಸಾಲಿಗೂ ಪರೀಕ್ಷೆ. ನಮ್ಮ ಸಾಲಿನ ಕೆಲವರನ್ನು ಆರಿಸಿ ಭಾರಿ ಫ್ಯಾನಿನ ಮುಂದೆ ನಿಲ್ಲಿಸಿದರು. ಬಿರುಗಾಳಿಗೂ ಉರುಳಬಾರದು, ಜಾಗ ಬಿಟ್ಟು ಜರುಗಬಾರದು. ಕತ್ತಲೆಕೋಣೆಯಲ್ಲಿ ದೂರದಿಂದ ದೀಪ ಬಿಟ್ಟು ಹೊಳಪು ಅಳೆದರು. ನಾನು ಎರಡರಲ್ಲೂ ಗೆದ್ದೆ. ಎದೆಯ ಮೇಲೆ ವೃತ್ತದೊಳಗೊಂದು ಅಕ್ಷರದ ಮುದ್ರೆ ಬಿತ್ತು. ಆ ಮುದ್ರೆಯ ಜಂಬ ನನಗೆ ಇಂದಿಗೂ ಇಳಿದಿಲ್ಲ.

ನನ್ನ ಮೊದಲ ಯಜಮಾನರು ಡೀಟರ್ ಎಂಬ ನಿವೃತ್ತ ಅಂಚೆಯವರು. ಅವರ ನೀಲಿ ಕಾರಿನ ಡಿಕ್ಕಿಯಲ್ಲಿ ನನಗೆ ಇಬ್ಬರು ಜೊತೆಗಾರರು ಸಿಕ್ಕರು. ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಇನ್ನೊಂದು ಮಿರಮಿರ ಮಿಂಚುವ ಹಳದಿ ಅಂಗಿ. ಆ ದೇಶದಲ್ಲಿ ನಾವು ಮೂವರೂ ಇಲ್ಲದೆ ಕಾರು ರಸ್ತೆಗಿಳಿಯುವಂತಿಲ್ಲ. ಎರಡು ವರ್ಷಕ್ಕೊಮ್ಮೆ ಕಾರನ್ನು ತಪಾಸಣೆಗೆ ಒಯ್ಯುತ್ತಿದ್ದರು. ಅಲ್ಲಿಯ ಅಧಿಕಾರಿ ಡಿಕ್ಕಿ ಎತ್ತಿ ನಮ್ಮನ್ನು ನೋಡಿ ತಲೆಯಾಡಿಸುತ್ತಿದ್ದ.

ಡೀಟರ್ ತಿರುಗಾಟದ ಮನುಷ್ಯ. ಗಡಿ ದಾಟಿದಂತೆಲ್ಲ ಕಾನೂನು ಬದಲಾಗುವುದನ್ನು ನಾನು ಡಿಕ್ಕಿಯೊಳಗಿಂದಲೇ ಕಲಿತೆ. ಫ್ರಾನ್ಸಿಗೆ ಹೊರಟರೆ ಹಳದಿ ಅಂಗಿ ನನ್ನ ಪಕ್ಕದಿಂದೆದ್ದು ಸೀಟಿನ ಬಳಿಗೆ ಹೋಗುತ್ತಿತ್ತು. ಅಲ್ಲಿ ಕೆಟ್ಟ ಕಾರಿನಿಂದ ಇಳಿಯುವ ಮೊದಲೇ ಅದನ್ನು ತೊಡಬೇಕು. ಹಡಗಿನಲ್ಲಿ ಇಂಗ್ಲೆಂಡಿಗೆ ಹೋದಾಗ, ಜರ್ಮನಿಯಂತೆ ಬಲಕ್ಕಲ್ಲ, ರಸ್ತೆಯ ಎಡಕ್ಕೆ ಓಡಿಸಬೇಕಾಯಿತು. ಎದುರು ಬರುವವರ ಕಣ್ಣು ಕುಕ್ಕದಿರಲೆಂದು ಡೀಟರ್ ಹೆಡ್‌ಲೈಟಿಗೆ ಅಂಟುಪಟ್ಟಿ ಹಚ್ಚಿದರು. ಅಲ್ಲಿ ನಾನು ಕಡ್ಡಾಯವಲ್ಲವಂತೆ! ಆ ಹದಿನೈದು ದಿನ ನಾನು ಮುಖ ಊದಿಸಿಕೊಂಡೇ ಇದ್ದೆ.

ನಿಜ ಹೇಳಬೇಕೆಂದರೆ ಊದಿಸಿಕೊಳ್ಳಲು ನನಗೇನು ಹಕ್ಕಿತ್ತು? ಏಳು ವರ್ಷದಲ್ಲಿ ಒಮ್ಮೆಯೂ ನನ್ನ ಡಬ್ಬಿ ಬಿಚ್ಚಿರಲಿಲ್ಲ. ಡೀಟರರ ಕಾರು ಅಷ್ಟು ಗಟ್ಟಿ.

ನನ್ನ ನಿಜವಾದ ಬದುಕು ಶುರುವಾಗಿದ್ದು ದಾನಮ್ಮ ಬಂದಮೇಲೆ.

ದಾನಮ್ಮ ಬಾಗಲಕೋಟೆ ಜಿಲ್ಲೆಯ, ಘಟಪ್ರಭೆಯ ದಂಡೆಯ ಹಲಗಿಹಾಳದವಳು. ಜರ್ಮನಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಸೊಂಟದ ಮೂಳೆ ಮುರಿದು ಮಲಗಿದ್ದ ಡೀಟರರನ್ನು ಎಬ್ಬಿಸಿ ನಡೆಸಿದವಳು ಅವಳೇ. ಆ ದಿನಗಳಲ್ಲಿ ಅವಳು ಡ್ರೈವಿಂಗ್ ಪರೀಕ್ಷೆಯಲ್ಲಿ ಫೇಲಾಗಿ ಕುದಿಯುತ್ತಿದ್ದಳು. ಹದಿನಾರಕ್ಕೇ ಅಣ್ಣನ ಟ್ರ್ಯಾಕ್ಟರ್ ಹೊಡೆದವಳು ಅವಳು! ಆದರೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಬಿಡಬೇಕೆಂಬುದು ಅಲ್ಲಿಯ ನಿಯಮ. ಅವಳು ತನ್ನೂರ ರೂಢಿಯಂತೆ ಹಾರ್ನ್ ಹೊಡೆದು ನುಗ್ಗಿದ್ದಳು. ಬ್ರೇಕ್ ಒತ್ತಿದವನು ಪಕ್ಕದಲ್ಲಿ ಕುಳಿತಿದ್ದ ಡ್ರೈವಿಂಗ್ ಮಾಸ್ತರ. ಪರೀಕ್ಷೆ ಅಲ್ಲಿಗೇ ಮುಗಿದಿತ್ತು.

ಎರಡನೆಯ ಸಲ ಪಾಸಾದಳು. ಕಣ್ಣು ಮಂಜಾಗಿ ಗಾಡಿ ಬಿಡಬೇಕಾಗಿದ್ದ ಡೀಟರ್ ತಮ್ಮ ಕಾರನ್ನು ಅವಳಿಗೇ ಕೊಟ್ಟರು. ಕೀಲಿ ಕೊಡುವ ಮುನ್ನ ಮನೆಯ ಮುಂದೆ ನನ್ನನ್ನು ಬಿಚ್ಚಿ ನಿಲ್ಲಿಸಿದರು. ಏಳು ವರ್ಷದ ಮೇಲೆ ಮೈ ಚಾಚಿದ ಸುಖ ಏನು ಹೇಳಲಿ!

"ಇದನ್ನು ಮಡಚಿಕೊಂಡು ಹೋಗಿ ಅಲ್ಲಿ ಬಿಚ್ಚಬಾರದು" ಎಂದರು ಡೀಟರ್. "ಕಾರಿನ ಬಳಿಯೇ ಬಿಚ್ಚಬೇಕು. ಬಿಚ್ಚಿ ಎದೆಯ ಮುಂದೆ ಹಿಡಿದು, ಬರುವ ಗಾಡಿಗಳ ಕಡೆ ಮುಖಮಾಡಿ ರಸ್ತೆಯಂಚಿನಲ್ಲಿ ನಡೆಯಬೇಕು. ಮೊದಲು ನೀನು ಕಾಣಬೇಕು, ಆಮೇಲೆ ಕಾರು."

"ಎಷ್ಟು ದೂರ?"

"ಊರೊಳಗೆ ಐವತ್ತು ಹೆಜ್ಜೆ. ಹೊರಗೆ ನೂರು. ದೊಡ್ಡ ಹೆದ್ದಾರಿಯಲ್ಲಿ ಇನ್ನೂರು. ತಿರುವಿದ್ದರೆ ತಿರುವಿನ ಆಚೆ."

ದಾನಮ್ಮ ಪಾಠ ಒಪ್ಪಿಸುವ ಹುಡುಗಿಯಂತೆ ನನ್ನನ್ನು ಎದೆಗೆ ಹಿಡಿದು ಓಣಿಯುದ್ದ ನಡೆದಳು. ನೆರೆಯವರು ಕಿಟಕಿಯಿಂದ ಇಣುಕಿದರು. ಅವಳು ನಾಚಲಿಲ್ಲ.

ಆ ಪಾಠ ಐದೇ ತಿಂಗಳಿಗೆ ಕೆಲಸಕ್ಕೆ ಬಂತು. ಹೆದ್ದಾರಿಯಲ್ಲಿ ಎಂಜಿನ್ ಹೊಗೆಯಾಡಿ ಕಾರು ಅಂಚಿಗೆ ನಿಂತಿತು. ಹಳದಿ ಅಂಗಿ ತೊಟ್ಟು, ನನ್ನನ್ನು ಎದೆಗೆ ಹಿಡಿದು, ದಾನಮ್ಮ ಇನ್ನೂರು ಹೆಜ್ಜೆ ಎಣಿಸಿದಳು. ನನ್ನನ್ನು ನಿಲ್ಲಿಸಿ, ತಾನು ತಡೆಗಂಬಿಯ ಆಚೆ ಹುಲ್ಲಿಗೆ ಹೋದಳು. ಬಾಣದಂತೆ ಬರುತ್ತಿದ್ದ ಗಾಡಿಗಳು ನನ್ನನ್ನು ಕಂಡ ಕೂಡಲೆ ಪಕ್ಕದ ಸಾಲಿಗೆ ಸರಿದವು. ಒಂದಲ್ಲ, ಎರಡಲ್ಲ, ನೂರಾರು. ದೊಡ್ಡ ದೊಡ್ಡ ಲಾರಿಗಳು ನನ್ನ ಮಾತು ಕೇಳಿದವು! ಅವುಗಳ ಗಾಳಿಗೆ ನಾನು ನಡುಗಿದೆ, ಬೀಳಲಿಲ್ಲ.

ಕಾರು ಎಳೆಯುವ ಗಾಡಿ ಬರುವತನಕ ದಾನಮ್ಮ ಊರಿಗೆ ಫೋನ್ ಮಾಡಿದಳು. ತಾನು ಕಂಡಿದ್ದನ್ನೆಲ್ಲ ಅಣ್ಣ ಸಿದ್ರಾಮನಿಗೆ ಹೇಳುತ್ತ ಹೇಳುತ್ತ ಅವಳು ನನ್ನ ಕಡೆ ತಿರುಗಿದಳು.

"ಅಣ್ಣಾ, ನಮ್ಮಪ್ಪಗ ಅವತ್ತ ಇಂಥಾದೊಂದು ಕಂಡಿದ್ರ..."



ಆಮೇಲೆ ನನಗೆ ಗೊತ್ತಾಯಿತು. ಅವರ ಕಡೆ ಗಾಡಿ ಕೆಟ್ಟರೆ ಹಿಂದೆ ಸಾಲಾಗಿ ಕಲ್ಲಿಡುತ್ತಾರೆ, ಗಿಡದ ಟೊಂಗೆ ಮುರಿದು ಹಾಕುತ್ತಾರೆ. ಅದೂ ಒಂದು ಎಚ್ಚರಿಕೆಯೇ. ಆದರೆ ಗಾಡಿ ದುರಸ್ತಿಯಾಗಿ ಹೊರಟಾಗ ಕಲ್ಲುಗಳನ್ನು ಯಾರೂ ತೆಗೆಯುವುದಿಲ್ಲ. ಆ ಫೋನಿಗೆ ಎರಡು ವರ್ಷ ಮೊದಲು ಯಾವುದೋ ಲಾರಿಯವರು ಹಾಗೆ ಬಿಟ್ಟುಹೋದ ಕಲ್ಲಿಗೆ, ಹೊತ್ತು ಮುಳುಗುವಾಗ ಮನೆಗೆ ಬರುತ್ತಿದ್ದ ಅವರ ಅಪ್ಪನ ಮೋಟಾರ್‌ಸೈಕಲ್ ಬಡಿದಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಮುಂದಿನ ರಜೆಗೆ ಊರಿಗೆ ಹೊರಟಾಗ ದಾನಮ್ಮ ಕಾರಿಗೆ ಹೊಸ ತ್ರಿಕೋನ ಕೊಂಡಳು. ನನ್ನನ್ನು ಸೀರೆಗಳ ನಡುವೆ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. "ಕೆಲಸ ಮಾಡಿ ಅನುಭವ ಇದ್ದದ್ದು ಬೇಕು" ಎಂದು ಡೀಟರರಿಗೆ ಹೇಳಿದಳಂತೆ. ಇದಕ್ಕಿಂತ ದೊಡ್ಡ ಸನ್ಮಾನ ನನಗೆ ಬೇಕೆ?

ಹಲಗಿಹಾಳದಲ್ಲಿ ಎಲ್ಲವೂ ಅದಲು ಬದಲು. ಗಾಡಿಗಳು ರಸ್ತೆಯ ಎಡಕ್ಕೆ ಓಡುತ್ತಿದ್ದವು. ದಾನಮ್ಮ ಮಾವನ ಕಾರು ಹೊಡೆಯಲು ಕುಳಿತು, ತಿರುವಿನ ದೀಪ ಹಾಕಲು ಹೋಗಿ ಸುಡುಬಿಸಿಲಲ್ಲಿ ವೈಪರ್ ಆಡಿಸಿ ಎಲ್ಲರನ್ನೂ ನಗಿಸಿದಳು. ಅದೇ ಕಾರಿನ ಡಿಕ್ಕಿಯಲ್ಲಿ ನನ್ನ ಬಂಧುವೊಂದು ಸಿಕ್ಕಿತು. ಈ ದೇಶದಲ್ಲೂ ಕಾನೂನಿನ ಪ್ರಕಾರ ಹೊಸ ಕಾರಿನ ಜೊತೆ ನಾವು ಬರುತ್ತೇವೆ. ಪಾಪ, ಆರು ವರ್ಷವಾದರೂ ಅದರ ಪ್ಲಾಸ್ಟಿಕ್ ಚೀಲವನ್ನೇ ಹರಿದಿರಲಿಲ್ಲ. ಅದು ಏನೆಂದು ಮಾವನಿಗೆ ಗೊತ್ತಿರಲಿಲ್ಲ.

ಸಿದ್ರಾಮ ಕಬ್ಬಿನ ಟ್ರ್ಯಾಕ್ಟರಿನವನು. ಎರಡು ಟ್ರೇಲರ್ ಕಟ್ಟಿ, ಆಳೆತ್ತರ ಕಬ್ಬು ಹೇರಿ ಸಕ್ಕರೆ ಕಾರ್ಖಾನೆಗೆ ಸಾಗಿಸುತ್ತಿದ್ದ. ನನ್ನನ್ನು ತಿರುವಿ ಮುರುವಿ ನೋಡಿದ.

"ಚಂದ ಐತಿ ಬಿಡವಾ ದಾನವ್ವ. ಆದ್ರ ಕಬ್ಬಿನ ಗಾಡಿಗೆ ಇದೆಲ್ಲಾ ಎದಕ್ಕ? ಮಂದಿ ನಗತಾರ."

"ನಗಲಿ ತಗೋ. ನಕ್ಕೊಂತ ಮನಿ ಮುಟ್ಟಲಿ."

ಅವನು ನನ್ನನ್ನು ಟ್ರ್ಯಾಕ್ಟರ್ ಸೀಟಿನ ಹಿಂದೆ ತಂತಿಯಿಂದ ಕಟ್ಟಿದ. ದಾನಮ್ಮ ಡೀಟರರ ಪಾಠವನ್ನು ಅವನಿಗೂ ಹೇಳಿಕೊಟ್ಟು, ರಜೆ ಮುಗಿಸಿ ಹೋದಳು. ನಾನು ಕಬ್ಬಿನ ಧೂಳು ತಿನ್ನುತ್ತ ಎರಡು ತಿಂಗಳು ಅಲ್ಲೇ ಇದ್ದೆ.

ಜನವರಿಯ ಒಂದು ಮುಂಜಾನೆ. ಆಗಲೇ ಬೆಳಗಾಗಿತ್ತು, ಆದರೆ ಹೊಳೆಯ ಮೇಲಿನ ಮಂಜು ರಸ್ತೆಗೆ ಇಳಿದು ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಕಾಲುವೆ ಸೇತುವೆಯ ತಿರುವು ದಾಟಿದ ಕೂಡಲೆ ಹಿಂದಿನ ಟ್ರೇಲರಿನ ಟಯರ್ ಢಬ್ಬೆಂದು ಒಡೆಯಿತು. ಗಾಡಿ ವಾಲಿ ಅರ್ಧ ರಸ್ತೆಗೆ ಅಡ್ಡ ನಿಂತಿತು.

ಸಿದ್ರಾಮ ಹಾರಿ ಇಳಿದ. ಕೈ ತನ್ನಷ್ಟಕ್ಕೆ ರಸ್ತೆಯಂಚಿನ ಗುಂಡುಕಲ್ಲಿಗೆ ಹೋಯಿತು. ಎರಡೂ ಕೈಯಲ್ಲಿ ಕಲ್ಲೆತ್ತಿದವನು ಹಾಗೆಯೇ ನಿಂತ. ಆ ಕಲ್ಲನ್ನು ಅವನು ನೋಡಿದ ರೀತಿ ನನಗಿನ್ನೂ ನೆನಪಿದೆ. ಮಗುವಿನ ಹೆಣ ಎತ್ತಿಕೊಂಡವನ ಹಾಗೆ ಅವನ ಮುಖ ಬಿಳಿಚಿತ್ತು. ಕಲ್ಲನ್ನು ತಗ್ಗಿಗೆ ಎಸೆದು ಓಡಿ ಬಂದ, ನನ್ನ ತಂತಿ ಕಿತ್ತ.

ತಂಗಿ ಕಲಿಸಿದ್ದು ಅವನಿಗೆ ಮರೆತಿರಲಿಲ್ಲ. ಅಲ್ಲೇ ಬಿಚ್ಚಿದ. ಎದೆಯ ಮುಂದೆ ಹಿಡಿದು ಗಟ್ಟಿಯಾಗಿ ಎಣಿಸುತ್ತ ನಡೆದ. ಅರವತ್ತಕ್ಕೆ ತಿರುವು ಬಂತು. ನೂರಕ್ಕೆ ಅದು ಮುಗಿಯಲಿಲ್ಲ. ಅವನು ನಿಲ್ಲಲಿಲ್ಲ. ಸೇತುವೆ ದಾಟಿ, ತಿರುವಿನ ಆಚೆ ನೆಟ್ಟಗಿನ ರಸ್ತೆ ಸಿಕ್ಕಮೇಲೆ, ನೂರಾ ಎಪ್ಪತ್ತಕ್ಕೆ ನನ್ನನ್ನು ನಿಲ್ಲಿಸಿದ. ತಾನು ಕೆಳಗಿಳಿದು ಹೊಲದ ಬದುವಿನ ಮೇಲೆ ನಿಂತ.

ನೂರು ಎಣಿಸುವಷ್ಟರಲ್ಲಿ ಬಸ್ಸು ಬಂತು. ಮಂಜಿನೊಳಗೆ ಎರಡು ಹಳದಿ ಕಣ್ಣು, ಒಳಗೆ ತುಂಬಿ ತುಳುಕುವ ಮಂದಿ. ಆ ದೀಪಗಳ ಬೆಳಕು ನನ್ನ ತೋಳಿಗೆ ಬಡಿಯಿತು. ಹೊಳೆದೆ ನೋಡಿ! ಹುಟ್ಟಿದಾಗ ಆ ಕತ್ತಲೆಕೋಣೆಯಲ್ಲೂ ನಾನು ಹಾಗೆ ಹೊಳೆದಿರಲಿಲ್ಲ. ಬ್ರೇಕ್ ಕಿರುಚಿತು. ಬಸ್ಸು ವೇಗ ಕಳೆದುಕೊಂಡು, ತೆವಳುತ್ತ ತಿರುವು ದಾಟಿ ಹೋಗಿ, ಟ್ರೇಲರಿಗೆ ಎರಡು ಮಾರು ಹಿಂದೆ ನಿಂತಿತು.

ಸಿದ್ರಾಮ ಅದರ ಹಿಂದೆಯೇ ಓಡಿದ; ಮುಂದಿನದು ಅವನ ಬಾಯಿಂದಲೇ ಆಮೇಲೆ ಕೇಳಿದ್ದು. ಡ್ರೈವರ್ ಇಳಿದ. ಅಡ್ಡ ವಾಲಿದ ಕಬ್ಬಿನ ರಾಶಿ ನೋಡಿದ, ತನ್ನ ಬಸ್ಸು ನೋಡಿದ.

"ಅಲ್ಲಿ ಅದನ್ನ ಇಟ್ಟಾವ ಯಾರಪಾ?"

"ನಾನರಿ" ಎಂದ ಸಿದ್ರಾಮ, ಬೈಗುಳ ಕಾಯುತ್ತ.

ಡ್ರೈವರ್ ಬಸ್ಸಿನ ಕಡೆ ಕೈ ತೋರಿಸಿದ. "ಐವತ್ತೆಂಟ ಮಂದಿ ಅದಾರಪಾ ಒಳಗ" ಎಂದ. "ಅದಿಲ್ಲಾಂದ್ರ ನಿನ್ನ ಕಬ್ಬಿನ್ಯಾಗ ಹೊಕ್ಕಿರತಿದ್ದೆ."

ಸಿದ್ರಾಮನ ಕೈ ಹಿಡಿದು ಒಮ್ಮೆ ಜಗ್ಗಿ, ಹೋಗಿ ಗಾಡಿ ಹತ್ತಿದ. ಟಯರ್ ಬದಲಿಸುವ ಎರಡು ತಾಸಿನಲ್ಲಿ ಎಷ್ಟೋ ಗಾಡಿಗಳು ಬಂದವು, ಹೋದವು. ಕೊನೆಗೆ ಸಿದ್ರಾಮ ಬಂದು ಹೆಗಲ ಮೇಲಿನ ಟವೆಲ್ಲಿನಿಂದ ನನ್ನ ಮೈಯ ಇಬ್ಬನಿ ಒರೆಸಿದ, ಮಡಚಿದ. ರಸ್ತೆ ಬರಿದಾಯಿತು. ನಾವು ಅಲ್ಲಿ ನಿಂತಿದ್ದೆವೆಂಬ ಗುರುತೇ ಉಳಿಯಲಿಲ್ಲ.

ಅಂದು ಮಧ್ಯಾಹ್ನ ಕಾರ್ಖಾನೆಯ ಅಂಗಳದಲ್ಲಿ ಇನ್ನೂರು ಟ್ರ್ಯಾಕ್ಟರು ಸಾಲು ನಿಂತಿದ್ದವು. ಚಹಾದಂಗಡಿಯ ಮುಂದೆ ಸಿದ್ರಾಮ ನನ್ನನ್ನು ಬಿಚ್ಚಿ ನೆಲದ ಮೇಲಿಟ್ಟ. ಅಂದುಕೊಂಡಂತೆ ನಗು ಎದ್ದಿತು. "ಏನೋ ಸಿದ್ರಾಮಾ, ಸರ್ಕಸ್ ಹಚ್ಚೀಯೇನು?"

ಅವನು ಭಾಷಣದ ಮನುಷ್ಯನಲ್ಲ. ನೆಲ ನೋಡುತ್ತ ಹೇಳಿದ.

"ನಮ್ಮಪ್ಪ ಹೆಂಗ ಸತ್ತ ನಿಮಗ ಗೊತ್ತೈತಿ. ಕಲ್ಲ ಬಿಟ್ಟಾವ್ನ ಮೂರ ವರ್ಷ ಬೈಕೊಂತ ಬಂದೆ. ಹನ್ನೆರಡ ವರ್ಷ ಆತು ಗಾಡಿ ಹೊಡ್ಯಾಕ ಹತ್ತಿ, ನಾ ಎಷ್ಟ ಕಡೆ ಕಲ್ಲ ಬಿಟ್ಟ ಬಂದೀನಿ? ಒಂದಾರ ನೆನಪೈತೇನು ನನಗ? ಯಾರ ಅಪ್ಪ ಬಿದ್ದಾನೋ, ಯಾರ ಮಗ ಬಿದ್ದಾನೋ. ಇದನ್ನಾದ್ರ ಬಿಟ್ಟ ಬರಾಕ ಆಗೂದಿಲ್ಲ. ನಮ್ಮದು ಅಂತ ತಗೊಂಡ ಬರತೀವಿ."

ನಗು ನಿಂತಿತ್ತು. ಅಲ್ಲಿದ್ದ ಪ್ರತಿಯೊಬ್ಬನೂ ಎಲ್ಲೋ ಒಂದು ಕಲ್ಲು ಬಿಟ್ಟು ಬಂದವನೇ.

ಮೊದಲು ಎದ್ದವನು ವೆಲ್ಡಿಂಗ್ ಅಂಗಡಿಯ ಮೌಲಾಸಾಬ. ಟೇಪು ಹಿಡಿದು ನನ್ನ ಮೂರೂ ತೋಳು ಅಳೆದ. "ಹಂಗಾರ ಇದರ ಅಳತಿ ನನ್ಹತ್ರ ಇರಲಿ. ತಗಡಿನ್ಯಾಗ ಮಾಡತೇನಿ" ಎಂದ. ಹಳೆಯ ತಗಡು, ಕಬ್ಬಿಣದ ಸಳಿ, ಮೇಲೆ ಹೊಳೆಯುವ ಕೆಂಪು ಪಟ್ಟಿ. ಮೊದಲನೆಯದು ಗಾಳಿಗೆ ಅಂಗಾತ ಬಿದ್ದಿತು. ಕಾಲು ಭಾರ ಮಾಡಿದ. ಎರಡನೆಯದನ್ನು ಹೆದ್ದಾರಿಯ ಪಕ್ಕ ಲಾರಿಗಳ ಗಾಳಿಗೆ ಒಂದು ದಿನ ನಿಲ್ಲಿಸಿ ಕಾದ. ಅದು ಅಲುಗಲಿಲ್ಲ. ನನ್ನ ಮಕ್ಕಳೆಂದೇ ಹೇಳುತ್ತೇನೆ. ಅವರ ಎದೆಯ ಮೇಲೆ ಯಾವ ಮುದ್ರೆಯೂ ಇಲ್ಲ, ಆದರೂ ಅವರನ್ನು ನೋಡಿದರೆ ನನ್ನ ಮುದ್ರೆಯ ಜಂಬ ಕೊಂಚ ಸಣ್ಣದಾಗುತ್ತದೆ.

ಆ ಹಂಗಾಮು ಮುಗಿಯುವುದರೊಳಗೆ ಎಂಬತ್ತು ಟ್ರ್ಯಾಕ್ಟರಿಗೆ ತ್ರಿಕೋನ ಬಂತು; ಟ್ರೇಲರಿನ ಬೆನ್ನಿಗೆ ಹೊಳೆಯುವ ಪಟ್ಟಿಯೂ ಬಂತು. ಎಲ್ಲರೂ ಬದಲಾದರೆಂದು ಸುಳ್ಳು ಹೇಳಲಾರೆ. ಈಗಲೂ ಆ ರಸ್ತೆಯಲ್ಲಿ ಕಲ್ಲು ಸಿಗುತ್ತವೆ. ಸಿಕ್ಕಲ್ಲೆಲ್ಲ ಸಿದ್ರಾಮ ಟ್ರ್ಯಾಕ್ಟರ್ ನಿಲ್ಲಿಸಿ, ಇಳಿದು, ಎತ್ತಿ ಬದಿಗೆ ಹಾಕುತ್ತಾನೆ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ ಎಂದು ಸುಮ್ಮನಿರುತ್ತಾನೆ.

ಮರುವರ್ಷ ದಾನಮ್ಮ ಬಂದಾಗ ಅಣ್ಣ ಅವಳನ್ನು ಕಾರ್ಖಾನೆಯ ಅಂಗಳಕ್ಕೆ ಕರೆದೊಯ್ದ. ಸಾಲು ಸಾಲು ಗಾಡಿಗಳ ಸೀಟಿನ ಹಿಂದೆ ನೇತಾಡುವ ಕೆಂಪು ತ್ರಿಕೋನಗಳನ್ನು ಅವಳು ಒಂದೊಂದಾಗಿ ಮುಟ್ಟುತ್ತ ಹೋದಳು. "ಅಣ್ಣಾ" ಎಂದಳು. ಅವನು ಮುಖ ತಿರುವಿಕೊಂಡು, "ನಡಿ ನಡಿ, ಅವ್ವ ರೊಟ್ಟಿ ಹಚ್ಚಿ ಕುಂತಾಳ" ಎಂದ.

ಈಗ ನನಗೆ ವಯಸ್ಸಾಗಿದೆ. ನಾಲ್ಕನೆಯ ಹಂಗಾಮಿನಲ್ಲಿ ಯಾರೋ ಆತುರದವರ ಚಕ್ರ ನನ್ನ ಎಡತೋಳಿನ ಮೇಲೆ ಹಾಯಿತು. ತೋಳು ಮುರಿಯಿತು, ನಾನು ಕಾಯುತ್ತಿದ್ದ ಗಾಡಿ ಉಳಿಯಿತು. ಅಂದಿನಿಂದ ಮೌಲಾಸಾಬನ ಅಂಗಡಿಯ ಗೋಡೆಯ ಮೊಳೆಗೆ ತೂಗಿಕೊಂಡಿದ್ದೇನೆ. ಸ್ಪೇನ್ ದೇಶದಲ್ಲಿ ನಮ್ಮನ್ನು ಕೈಬಿಟ್ಟು, ಕಾರಿನ ತಲೆಯ ಮೇಲಿಡುವ ಮಿನುಗುದೀಪ ತಂದಿದ್ದಾರಂತೆ. ನಮ್ಮನ್ನು ಇಡಲು ನಡೆದು ಹೋದವರೇ ಸಾಯುತ್ತಿದ್ದರಂತೆ. ದಾನಮ್ಮ ಫೋನಿನಲ್ಲಿ ಹೇಳಿದ್ದು. ಒಳ್ಳೆಯದೇ ಆಯಿತು. ಮನುಷ್ಯರು ಉಳಿಯುವುದಾದರೆ ನಾನು ಗೋಡೆಯ ಮೇಲೆಯೇ ಇದ್ದೇನು.

ಲೆಕ್ಕ ಹಾಕಿದರೆ, ಇಷ್ಟು ವರ್ಷದಲ್ಲಿ ನಾನು ರಸ್ತೆಯಲ್ಲಿ ನಿಂತದ್ದು ಒಟ್ಟು ಒಂದು ಹಗಲೂ ಆಗಲಾರದು. ಉಳಿದದ್ದೆಲ್ಲ ಮಡಚಿ ಮಲಗಿದ್ದೇ. ನನ್ನನ್ನು ಕಂಡು ವೇಗ ಇಳಿಸಿದ ಸಾವಿರಾರು ಜನರಲ್ಲಿ ಒಬ್ಬರಿಗೂ ನನ್ನ ನೆನಪಿರಲಿಕ್ಕಿಲ್ಲ. ಆ ಬಸ್ಸಿನ ಐವತ್ತೆಂಟು ಜನರಲ್ಲಿ ಎಷ್ಟೋ ಮಂದಿ ನಿದ್ದೆಯಲ್ಲಿದ್ದರು. ತಮ್ಮ ತಮ್ಮ ಊರಲ್ಲಿ ಇಳಿದರು, ಸಂತೆ ಮಾಡಿದರು, ಮನೆಗೆ ಹೋಗಿ ಉಂಡರು.

ಇವತ್ತು ಬೆಳಿಗ್ಗೆ ಹೊಸ ಗಾಡಿ ಕೊಂಡ ಒಬ್ಬಳು ಅಂಗಡಿಗೆ ಬಂದಿದ್ದಳು. ನಮಗೆ ಈ ಸೀಮೆಯ ಮಂದಿ ಇಟ್ಟ ಹೆಸರು ಹಿಡಿದೇ ಕೇಳಿದಳು: "ಕಾಕಾ, ಒಂದ ಮೂರುಮೂಲಿ ಕೊಡ್ರಿ."

ಮೌಲಾಸಾಬ ನನ್ನನ್ನು ಮೊಳೆಯಿಂದಿಳಿಸಿ ಹೊಸ ತಗಡಿನ ಮೇಲೆ ಇಟ್ಟ. ಸೀಮೆಸುಣ್ಣ ನನ್ನ ಅಂಚಿನಗುಂಟ ಓಡಿತು. ಮುರಿದ ತೋಳಿನ ಹತ್ತಿರ ಬಂದಾಗ ಅವನ ಕೈ ತಡೆಯಲಿಲ್ಲ. ಇಲ್ಲದ ಭಾಗವನ್ನೂ ನೆನಪಿನಿಂದಲೇ, ನೆಟ್ಟಗೆ, ಪೂರ್ತಿಯಾಗಿ ಎಳೆದ.