ಎಲೆ ಹೆಕ್ಕುವ ಆಟ

ಪದ್ಮಾಕ್ಷಿ ಟೀಚರ್ ಫರಂಗಿಪೇಟೆಯ ಹತ್ತಿರದ ಅಂಗನವಾಡಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಪ್ರತಿ ವರ್ಷ ಮಳೆ ನಿಂತು ಅಂಗಳ ಒಣಗಿದ ಮೇಲೆ ಅವರು ಮಕ್ಕಳಿಗೆ ಎಲೆ ಹೆಕ್ಕುವ ಆಟ ಆಡಿಸುತ್ತಿದ್ದರು. ಇಬ್ಬಿಬ್ಬರ ಜೋಡಿ. ಒಬ್ಬರು ಕುಕ್ಕರುಗಾಲಲ್ಲಿ ಕೂತು ಹಲಸಿನ ಎಲೆ ಹೆಕ್ಕಬೇಕು, ಎದ್ದು ಓಡಿ ಜೊತೆಗಾರರ ಕೈಗೆ ಕೊಡಬೇಕು. ಅವರು ಬುಟ್ಟಿಗೆ ಹಾಕಬೇಕು. ಕೈಕಾಲಿಗೆ ಬಲ ಬರುತ್ತದೆ, ಒಬ್ಬರಿಗೊಬ್ಬರು ಕಾಯುವುದನ್ನು ಕಲಿಯುತ್ತಾರೆ ಎಂದು ಟೀಚರ್ ತಾಯಂದಿರಿಗೆ ಹೇಳುತ್ತಿದ್ದರು.

ಈ ವರ್ಷ ಐದು ವರ್ಷದ ಸಿನಾನ್ ದಿನಾ ಕೊನೆಗೆ ಉಳಿಯುತ್ತಿದ್ದ.

"ನನಗೆ ಸಿನಾನ್ ಬೇಡ ಟೀಚರ್, ಅವನ ಜೊತೆ ಆಡಿದ್ರೆ ಸೋಲ್ತೇವೆ" ಎಂದಳು ವಿಸ್ಮಿತಾ.

"ಬೇಗ ಏಳು ಸಿನಾನ್. ಉದಾಸೀನ ಮಾಡಬಾರದು" ಎಂದು ಟೀಚರ್ ಗದರಿದರು. ಒಂದು ದಿನವಲ್ಲ, ಸುಮಾರು ಒಂದು ತಿಂಗಳು.

ನವೆಂಬರಿನ ಒಂದು ಬೆಳಿಗ್ಗೆ ಸೊಂಟ ನೋವೆಂದು ಅವರು ಆಟದ ನಡುವೆ ಜಗಲಿಯಲ್ಲಿ ಕೂತರು. ಹಾಗೆ ಕೂತದ್ದರಿಂದ ಸಿನಾನ್ ಏಳುವ ಕ್ರಮ ಕಣ್ಣಿಗೆ ಬಿತ್ತು. ಎರಡೂ ಕೈ ನೆಲಕ್ಕೆ ಊರಿ ಮೊದಲು ಸೊಂಟ ಎತ್ತಿದ. ಆಮೇಲೆ ಕೈಗಳನ್ನು ಮೊಣಕಾಲಿಗೆ, ಅಲ್ಲಿಂದ ತೊಡೆಗೆ ಒತ್ತುತ್ತಾ, ತನ್ನ ಮೈಯನ್ನೇ ಹತ್ತುವವನಂತೆ ನಿಂತ. ಕಳೆದ ವರ್ಷ ಇದೇ ಹುಡುಗ ಜಗಲಿಯಿಂದ ಹಾರುತ್ತಿದ್ದ. ದಪ್ಪಗಿದ್ದ ಅವನ ಮೀನಖಂಡಗಳನ್ನು ನೋಡಿ ಗಟ್ಟಿ ಹುಡುಗ ಎಂದುಕೊಂಡದ್ದೂ ನೆನಪಾಯಿತು. ಅವರಿಗೆ ಹೆದರಿಕೆಯಾಯಿತು.

ಮಧ್ಯಾಹ್ನ ಮಗನನ್ನು ಕರೆದುಕೊಂಡು ಹೋಗಲು ಬಂದ ಸಿನಾನನ ತಾಯಿ ಮುರ್ಶಿದಾಳಿಗೆ ಕಂಡದ್ದನ್ನು ಹೇಳಿದರು. "ಒಮ್ಮೆ ಡಾಕ್ಟರಿಗೆ ತೋರಿಸುವ."

"ನಿನ್ನೆವರೆಗೆ ಉದಾಸೀನ ಅಂದದ್ದು ನೀವೇ ಅಲ್ವಾ ಟೀಚರ್? ಇವತ್ತು ಕಾಯಿಲೆ ಅಂತೀರಿ" ಎಂದು ಅವಳು ಮಗನ ಕೈ ಹಿಡಿದು ನಡೆದುಬಿಟ್ಟಳು.

ಮೂರು ದಿನ ಸಿನಾನ್ ಬರಲಿಲ್ಲ. ನಾಲ್ಕನೆಯ ದಿನ ಮುರ್ಶಿದಾ ಒಬ್ಬಳೇ ಬಂದು ಬಾಗಿಲಲ್ಲಿ ನಿಂತಳು. "ನಾನೂ ನೋಡಿದೆ. ನೀವು ಹೇಳಿದ ಹಾಗೇ ಏಳ್ತಾನೆ" ಎಂದಳು.

ಅವಳ ಗಂಡ ಮೀನಿನ ಲಾರಿಯೊಂದಿಗೆ ಕೇರಳದಲ್ಲಿದ್ದ. ಹಾಗಾಗಿ ಮಂಗಳೂರಿನ ಆಸ್ಪತ್ರೆಗೆ ಟೀಚರೇ ಜೊತೆಗೆ ಹೋದರು. ರಕ್ತ ಪರೀಕ್ಷೆಯಾಯಿತು. ಇನ್ನೊಂದು ಪರೀಕ್ಷೆಯ ವರದಿಗೆ ಮೂರು ವಾರ ಕಾದರು. ವರದಿ ಬಂದ ದಿನ ಡಾಕ್ಟರ್ ಮೆಲ್ಲನೆ ವಿವರಿಸಿದರು. ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೋಲುವ ಕಾಯಿಲೆ, ಹುಟ್ಟಿನಿಂದಲೇ ಬಂದದ್ದು. ಮದ್ದಿನಿಂದ ನಿಧಾನ ಮಾಡಬಹುದು, ಪೂರ್ತಿ ಗುಣ ಮಾಡಲಾಗದು. ಹತ್ತು ಹನ್ನೆರಡು ವಯಸ್ಸಿಗೆ ನಡೆಯುವುದು ನಿಲ್ಲಬಹುದು.

ಹಿಂದಿರುಗುವ ಬಸ್ಸಿನಲ್ಲಿ ಸಿನಾನ್ ತಾಯಿಯ ಮಡಿಲಲ್ಲಿ ನಿದ್ದೆ ಹೋದ.

"ಅಷ್ಟು ದಿನ ಗದರಿದೆ ಮುರ್ಶಿದಾ. ತಪ್ಪಾಯ್ತು" ಎಂದರು ಟೀಚರ್.

ಅವಳು ಮಗನ ಕಾಲು ಸವರಿದಳು. "ಮೆಟ್ಟಿಲ ಹತ್ತಿರ ಎತ್ತು ಎತ್ತು ಅಂತ ಅಳ್ತಿದ್ದ. ನಾನು ಹೊಡೆದಿದ್ದೇನೆ ಟೀಚರ್" ಎಂದಳು.

ಮರುದಿನದಿಂದ ಟೀಚರ್ ಆಟ ಬದಲಿಸಿದರು. ಎಲ್ಲರೂ ವೃತ್ತವಾಗಿ ಕೂತು ತೆಂಗಿನಗರಿಯ ಕಡ್ಡಿಗೆ ಎಲೆ ಪೋಣಿಸಬೇಕು, ಪಕ್ಕದವರಿಗೆ ದಾಟಿಸಬೇಕು. ಸಿನಾನನ ಬೆರಳುಗಳು ಚುರುಕಾಗಿದ್ದವು. ಆದರೆ ನಾಲ್ಕು ದಿನಕ್ಕೇ ಉಳಿದ ಮಕ್ಕಳು ಚಡಪಡಿಸತೊಡಗಿದರು.

"ಓಡುವ ಆಟ ಯಾವಾಗ ಟೀಚರ್?" ಎಂದು ಕೇಳಿದವನು ಸಿನಾನನೇ.

"ಇನ್ನು ಕೂತೇ ಆಡುವ ಮಗಾ."

"ನನ್ನಿಂದಾಗಿಯಾ?"

ಸುಳ್ಳು ಹೇಳಲು ಅವರಿಗೆ ಬಾಯಿ ಬರಲಿಲ್ಲ. "ನಿನ್ನ ಕಾಲಿಗೆ ಬಚ್ಚುತ್ತದೆ, ಸುಸ್ತಾಗುತ್ತದೆ ಅಲ್ವಾ?"

ಅವನು ಕೈಯಲ್ಲಿದ್ದ ಎಲೆಯನ್ನು ಪೋಣಿಸಿ ಮುಗಿಸಿದ. "ಅವರು ಓಡ್ಲಿ. ಬುಟ್ಟಿ ನಾನು ಹಿಡಿದುಕೊಳ್ತೇನೆ" ಎಂದ.

ಟೀಚರ್ ಬುಟ್ಟಿಯನ್ನು ಅವನ ಮಡಿಲಲ್ಲಿಟ್ಟರು. ಮಕ್ಕಳು ಗದ್ದಲ ಮಾಡುತ್ತಾ ಓಡಿದರು. ವಿಸ್ಮಿತಾ ಎರಡೆರಡು ಎಲೆ ತಂದು ಹಾಕಿದಳು. ಅವನು ಒಬ್ಬೊಬ್ಬರ ಹೆಸರು ಹಿಡಿದು ಕರೆಯುತ್ತಾ, ಓಡುವ ಕಾಲುಗಳನ್ನೇ ನೋಡುತ್ತಿದ್ದ. ಪದ್ಮಾಕ್ಷಿ ಟೀಚರ್ ಒಳಗೆ ಹೋಗಿ ಅಡುಗೆಕೋಣೆಯ ಗೋಡೆಗೆ ಒರಗಿ ಅತ್ತರು. ಆಮೇಲೆ ಮುಖ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಅಂಗಳಕ್ಕೆ ಬಂದರು.