ಬಿಸ್ಕಿಟಪ್ಪನ ಎಲೆ-ಸುಣ್ಣ

ಅಮಿತನನ್ನು ಕಂಪನಿಯವರು ಅಮೆರಿಕಕ್ಕೆ ಕಳಿಸಿದಾಗ ಅವನು ಸಾಕಿದ್ದ ಗಿನಿಪಿಗ್ ಸಿಕಂದರಾಬಾದಿನ ಹತ್ತಿರ ತಾರ್ನಾಕದಲ್ಲಿದ್ದ ಗೆಳೆಯ ಮೋಹನನ ಮನೆಗೆ ಬಂತು. ಮೋಹನನೂ ಅವನ ಹೆಂಡತಿ ನಳಿನಿಯೂ ಮೈಸೂರಿನವರು, ಇಬ್ಬರೂ ಸಾಫ್ಟ್‌ವೇರಿನವರು. ಬೆಳಗ್ಗೆ ಕಂಪನಿಯ ಕ್ಯಾಬು ಹಾರ್ನ್ ಹೊಡೆದರೆ ಅರ್ಧ ದೋಸೆ ಕೈಯಲ್ಲಿ ಹಿಡಿದು ಓಡುವ ಜನ. ಹಾಗಾಗಿ ಹಗಲೆಲ್ಲ ಆ ಪ್ರಾಣಿಗೆ ದಿಕ್ಕೆಂದರೆ ಅಡುಗೆಯ ಬಂಡೆಮ್ಮ.

ಬಂಡೆಮ್ಮ ಸೇಡಂ ಕಡೆಯವಳು. ಗಂಡ ಲಿಂಗಣ್ಣನ ಜೊತೆ ಇದೇ ಅಪಾರ್ಟ್‌ಮೆಂಟಿಗೆ ಇಟ್ಟಿಗೆ ಹೊರಲು ಬಂದಿದ್ದಳು. ಕಟ್ಟಡ ಎದ್ದು ನಿಂತಿತು, ಬಣ್ಣ ಬಳಿದುಕೊಂಡಿತು, ಒಳಗೆ ಜನ ತುಂಬಿದರು. ಇವರಿಬ್ಬರೂ ಊರಿಗೆ ಹೋಗುವುದನ್ನು ಮರೆತವರಂತೆ ಇಲ್ಲೇ ಉಳಿದರು. ಲಿಂಗಣ್ಣ ಗೇಟಿನ ವಾಚ್‌ಮನ್ ಆದ.

"ಇಲೀನೋ, ಮೊಲಾನೋ?" ಎಂದು ಬಂಡೆಮ್ಮ ಪಂಜರದೊಳಗೆ ಇಣುಕಿದಳು.

"ಎರಡೂ ಅಲ್ಲ ಬಂಡೆಮ್ಮ. ಹೆಸರು ಬಿಸ್ಕಿಟ್. ಒಣಹುಲ್ಲು ಹಾಕಿ, ನೀರಿಡಿ, ಅಷ್ಟೇ ಸಾಕು," ಎಂದಳು ನಳಿನಿ.

ಅಷ್ಟೇ ಸಾಕು ಎಂಬ ಮಾತು ಬಂಡೆಮ್ಮನಿಗೆ ಹಿಡಿಸಲಿಲ್ಲ. ಯಾರೋ ನಂಬಿ ಬಿಟ್ಟುಹೋದ ಜೀವ. ಮನೆಗೆ ಬಂದವರ ಮುಂದೆ ಒಣಹುಲ್ಲು ಸುರಿದು ಕೂರಿಸುವುದು ಯಾವ ಊರಿನ ಪದ್ಧತಿ? ಮರುದಿನದಿಂದಲೇ ಅವಳು ಪಾಲಕ್ ಹಾಕಿದಳು, ರಾಜಗಿರಿ ಸೊಪ್ಪು ಹಾಕಿದಳು. ಅವಳ ಬಾಯಲ್ಲಿ ಬಿಸ್ಕಿಟಪ್ಪನಾದ ಬಿಸ್ಕಿಟ್ ಎಲ್ಲವನ್ನೂ ಕಟಕಟನೆ ಕಡಿದು ಮುಗಿಸಿದ.

ಮಧ್ಯಾಹ್ನದ ಊಟವಾದ ಮೇಲೆ ಬಂಡೆಮ್ಮ ಪಂಜರದ ಪಕ್ಕ ಕಾಲು ಚಾಚಿ ಕುಳಿತು, ಸೊಂಟದ ಚಂಚಿ ಬಿಚ್ಚಿ ಎಲೆ-ಅಡಿಕೆ ಹಾಕಿಕೊಳ್ಳುವಳು. ಎದುರಿಗೆ ಉಂಡವರಿರುವಾಗ ತಾನೊಬ್ಬಳೇ ಎಲೆ ಮೆಲ್ಲುವುದು ಅವಳ ಹುಟ್ಟಿನಲ್ಲೇ ಇರಲಿಲ್ಲ. ಒಂದು ಎಳೆ ಎಲೆ ಆರಿಸಿ, ತೊಟ್ಟು ಮುರಿದು, ಬೆರಳ ತುದಿಯಲ್ಲಿ ಸುಣ್ಣ ಸವರಿ ಸರಳುಗಳ ನಡುವೆ ಹಿಡಿದಳು. ಬಿಸ್ಕಿಟಪ್ಪ ಮೂಸಿದ, ಸೀನಿದ, ತಿಂದ. ಆಮೇಲಾಮೇಲೆ ಚಂಚಿಯ ದಾರ ಸರಿದ ಸದ್ದಿಗೇ "ವೀಕ್ ವೀಕ್" ಎಂದು ಮನೆ ಹಾರಿಹೋಗುವಂತೆ ಕೂಗತೊಡಗಿದ.

ಒಂದು ದಿನ ಹಾಸಿದ ಕಾಗದದ ಮೇಲೆ ಕೆಂಪು ಕಲೆ ಕಂಡಿತು. ಬಂಡೆಮ್ಮ ಹಿಗ್ಗಿಹೋದಳು. ಎಲೆ ತಿಂದವರಿಗೆ ಬಾಯಿ ಕೆಂಪಾಗುತ್ತದೆ. ಇದು ದೊಡ್ಡ ಊರಿನ ಪ್ರಾಣಿ, ಇದಕ್ಕೆ ಹಿಂದಿನಿಂದ ಕೆಂಪಾಗುತ್ತದೆ! ಗಂಡನಿಗೂ ಹೇಳಿದಳು. ಅವನೂ "ಬಣ್ಣ ಚಲೋ ಬಂದೈತಿ" ಎಂದ.

ಶನಿವಾರ ಮನೆಯಲ್ಲಿದ್ದ ನಳಿನಿ ಆ ಕಲೆ ನೋಡಿ ಕಿರುಚಿದಳು. ಬಿಸ್ಕಿಟಪ್ಪ ಬೆನ್ನು ಗೂನು ಮಾಡಿಕೊಂಡು, ಒಂದೊಂದು ಹನಿಗೂ ಚೀರುತ್ತಿದ್ದ. ಟವೆಲಿನಲ್ಲಿ ಸುತ್ತಿ ಎಲ್ಲರೂ ಆಟೋ ಹತ್ತಿ ಸಿಕಂದರಾಬಾದಿಗೆ ಓಡಿದರು. ಅಲ್ಲಿನ ಡಾಕ್ಟರ್ ಚಂದ್ರಕಾಂತ ಬೀದರಿನವರು. ಎಕ್ಸ್‌ರೇ ಎತ್ತಿ ಹಿಡಿದರು: ಹೊಟ್ಟೆಯ ಕೆಳಗೆ ಬಟಾಣಿಯಷ್ಟು ಬಿಳಿ ಚುಕ್ಕೆ.

"ಮೂತ್ರಚೀಲದಾಗ ಕಲ್ಲು ಅದ. ಏನೇನ್ ತಿನಸ್ತಿದ್ರಿ?"

"ಒಣಹುಲ್ಲು, ನೀರು. ಅಷ್ಟೇ ಡಾಕ್ಟ್ರೇ," ಎಂದಳು ನಳಿನಿ.

ಹಿಂದೆ ನಿಂತಿದ್ದ ಬಂಡೆಮ್ಮ ಸೆರಗು ಹಿಂಡಿದಳು. "ಪಾಲಕನೂ ಹಾಕೀನ್ರಿ."

"ಮತ್ತ?"

"ರಾಜಗಿರಿ."

"ಮತ್ತ?"

"ಎಲಿ."

"ಯಾವ ಎಲಿ?"

"ನಾ ತಿನ್ನೂ ಎಲಿ ರೀ. ಊಟ ಆದ ಮ್ಯಾಲ."

ಡಾಕ್ಟರ ಪೆನ್ನು ನಿಂತಿತು. "ಸುಣ್ಣ ಹಚ್ಚಿ?"

"ಹಚ್ಚಲಾರದ ಹ್ಯಾಂಗ ಕೊಡ್ಲಿರಿ? ಮರ್ಯಾದಿ ಇರಬ್ಯಾಡೇನು?"

ಡಾಕ್ಟರು ಗೋಡೆ ಕಡೆ ತಿರುಗಿದರು. ಹೆಗಲು ಕುಣಿಯುತ್ತಿದ್ದವು. ಕನ್ನಡಕ ಒರೆಸಿಕೊಂಡು ಮತ್ತೆ ಇತ್ತ ತಿರುಗಿ, "ಅಡಿಕಿ?" ಎಂದರು.

"ಛೇ ಛೇ, ಅಡಿಕಿ ಕೊಟ್ಟಿಲ್ರಿ. ಹಲ್ಲು ಸಣ್ಣಾವು."

"ಪುಣ್ಯಾ ಕಟಗೊಂಡ್ರಿ! ನೋಡವ್ವ, ಈ ಜೀವಕ್ಕ ಸುಣ್ಣದ ಅಂಶ ಜಾಸ್ತಿ ಆದ್ರ ಕಲ್ಲಾಗ್ತದ. ಕೆಲವಕ್ಕ ಸುಮ್ಮನೂ ಆಗ್ತದ. ನಿನ್ನ ಎಲಿಯಿಂದನ ಆಗ್ಯದ ಅನ್ನಂಗಿಲ್ಲ. ಆದ್ರ ಇನ್ನ ಮ್ಯಾಲ ಆ ಮರ್ಯಾದಿ ಬ್ಯಾಡ."

ಭಾನುವಾರ ಆಪರೇಷನ್ ಆಯಿತು. ಮರುದಿನ ಮಧ್ಯಾಹ್ನ, ಬೋಳಿಸಿದ ಹೊಟ್ಟೆಯ ಮೇಲೆ ಹೊಲಿಗೆ ಹಾಕಿಸಿಕೊಂಡ ಬಿಸ್ಕಿಟಪ್ಪನನ್ನು ಡಾಕ್ಟರು ಬಂಡೆಮ್ಮನ ಕೈಗೇ ಕೊಟ್ಟರು. ಪಾಲಕ್ ಬಂದ್, ರಾಜಗಿರಿ ಬಂದ್. ಒಣಹುಲ್ಲು, ಸಾಕಷ್ಟು ನೀರು, ಒಂದು ತುಂಡು ದಪ್ಪ ಮೆಣಸಿನಕಾಯಿ. "ಸಂಜಿ ಒಳಗ ತಾನಾಗೇ ಉಚ್ಚಿ ಹೊಯ್ಬೇಕು. ಇಲ್ಲಾಂದ್ರ ಹೊಳ್ಳಿ ತರ್ರಿ. ಆದ್ರ ಮತ್ತೊಮ್ಮೆ ಹೊಟ್ಟಿ ಬಿಚ್ಚಿದ್ರ ತಡೀತದಂತ ನಾ ಹೇಳಂಗಿಲ್ಲ."

ಆ ಮಾತು ಬಂಡೆಮ್ಮನ ಎದೆಯಲ್ಲಿ ಕೂತುಬಿಟ್ಟಿತು. ಮನೆಗೆ ಬಂದು ಸೋಫಾದ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಟವೆಲಿನ ಸಮೇತ ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಅಂದು ಆಫೀಸಿಗೆ ಹೋಗದೆ ಮೋಹನನ ಜೊತೆ ಮನೆಯಲ್ಲೇ ಉಳಿದಿದ್ದ ನಳಿನಿ ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು ಕುಡಿಸಿದಳು. ನೀರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಬಿಸಿಲು ಬಾಲ್ಕನಿಯಿಂದ ಇಳಿದು ಎದುರಿನ ಕಟ್ಟಡದ ಮೇಲೇರಿತು. ಅಮಿತನಿಗೆ ಇದಾವುದನ್ನೂ ತಿಳಿಸಿರಲಿಲ್ಲ. ತಿಳಿಸುವುದಾದರೂ ಹೇಗೆ?

ಲಿಂಗಣ್ಣ ಟೋಪಿ ಕಂಕುಳಲ್ಲಿಟ್ಟುಕೊಂಡು ಗೇಟಿನಿಂದ ಬಂದ. ಸ್ವಲ್ಪ ಹೊತ್ತು ನೋಡಿದ. "ಎತ್ತಿಗೆ ಏನ್ ಮಾಡ್ತೀವಿ? ನೇಗಿಲಾ ನಿಂದರಿಸಿ ಸಿಳ್ಳಿ ಹಾಕ್ತೀವಿ. ತಾನಾ ಹೊಯ್ತೈತಿ."

"ಇದು ಎತ್ತೇನು?" ಎಂದಳು ಬಂಡೆಮ್ಮ.

"ಉಚ್ಚಿ ಎಲ್ಲರದೂ ಒಂದಾ."

ಲಿಂಗಣ್ಣ ತುಟಿ ಮುಂದೆ ಮಾಡಿ ಸಿಳ್ಳೆ ಹಿಡಿದ. ಮೆಲ್ಲಗೆ, ಉದ್ದಕ್ಕೆ, ಕಪ್ಪುಮಣ್ಣಿನ ಹೊಲದಲ್ಲಿ ಹಾಕುವ ಸಿಳ್ಳೆ. ಬಿಸ್ಕಿಟಪ್ಪ ಕಿವಿ ಅಲುಗಿಸಿದ, ಅಷ್ಟೇ. ಆದರೆ ನಳಿನಿ "ಒಂದು ನಿಮಿಷ" ಎಂದು ಎದ್ದು ಬಾತ್‌ರೂಮಿಗೆ ಹೋದಳು. ಅವಳು ಬಂದಳು, ಮೋಹನ ಹೋದ. ಮೋಹನ ಬಂದ, ನಳಿನಿ ಮತ್ತೆ ಹೋದಳು.

"ಲಿಂಗಣ್ಣ, ಸಾಕು ಮಾಡಿ! ನಮ್ಮನೇಲಿ ಎಲ್ಲರಿಗೂ ಬಂತು, ಅದೊಂದನ್ನ ಬಿಟ್ಟು," ಎಂದ ಮೋಹನ.

"ತಡೀರಿ ಸಾಹೇಬ್ರ, ಈಗ ಹತ್ತಿರ ಬಂದೈತಿ," ಎಂದು ಲಿಂಗಣ್ಣ ಮತ್ತೆ ತುಟಿ ಕೂಡಿಸಿದ. ಅರ್ಧ ಸಿಳ್ಳೆಗೆ ಅವನ ಮುಖವೇ ಬಿಗಿಯಿತು. ಟೋಪಿ ಅಲ್ಲೇ ಬಿಟ್ಟು ಬಾತ್‌ರೂಮಿಗೆ ಓಡಿದ. ಒಳಗೆ ನಳಿನಿ ಇದ್ದಳು. ಹೊರಗೆ ನಿಂತು ಒಂಟಿಗಾಲಿನಲ್ಲಿ ಕುಣಿಯತೊಡಗಿದ.

ಅದೇ ಹೊತ್ತಿಗೆ ಮೋಹನನಿಗೆ ಫೋನು ಬಂತು. ಅಮೆರಿಕದ ಮೀಟಿಂಗು. ಅಲ್ಲಿ ಬೆಳಗಾಗಿತ್ತು, ಅಮಿತನೂ ಅವನ ಮೇಲಿನವರೂ ಮೇಜಿನ ಸುತ್ತ ಕೂತಿದ್ದರು. ಮೋಹನ ಸ್ಪೀಕರಿಗೆ ಹಾಕಿ, ಲ್ಯಾಪ್‌ಟಾಪ್ ತೆರೆದು, ಬಂಡೆಮ್ಮನಿಗೆ ಸುಮ್ಮನಿರುವಂತೆ ಕೈಸನ್ನೆ ಮಾಡಿದ.

ಬಂಡೆಮ್ಮ ಸುಮ್ಮನೆ ಕೂತಳು. ಮುಖ ಬಾಗಿಸಿ ಬಿಸ್ಕಿಟಪ್ಪನ ಕಿವಿಗೆ ಹೇಳಿದಳು: "ಯಪ್ಪಾ, ನಾ ತಪ್ಪ ಮಾಡೀನಿ. ನಂಬಿ ಬಂದವ ನೀ. ಒಂದ ಹನಿ ಹೊಯ್ಯೋ ಬಂಗಾರಾ."

ತೊಡೆ ಬೆಚ್ಚಗಾಯಿತು.

ಅವಳು ಉಸಿರು ಹಿಡಿದಳು. ಅಲುಗಾಡಿದರೆ ನಿಂತೀತೆಂದು ಕಣ್ಣುರೆಪ್ಪೆಯನ್ನೂ ಮಿಟುಕಿಸಲಿಲ್ಲ. ಬೆಚ್ಚಗಿನದು ಟವೆಲು ದಾಟಿತು, ಸೀರೆ ದಾಟಿತು, ನೆಲಕ್ಕಿಳಿಯಿತು. ಬಿಸ್ಕಿಟಪ್ಪ ಚೀರಲಿಲ್ಲ, ಗುರ್ರ್ ಗುರ್ರ್ ಎಂದು ಗಂಟಲಲ್ಲೇ ಏನೋ ಹಾಡಿಕೊಂಡ. ಆಗ ಬಂಡೆಮ್ಮನಿಗೆ ಮೋಹನನ ಕೈಸನ್ನೆಯೂ ನೆನಪಿರಲಿಲ್ಲ, ಅಮೆರಿಕವೂ ನೆನಪಿರಲಿಲ್ಲ.

"ಹೊಯ್ತೋ! ಉಚ್ಚಿ ಹೊಯ್ತೋ ಯಪ್ಪಾ! ಲಿಂಗ್ಯಾ, ಓಡಿ ಬಾ! ಕಾಲವಿ ಹರದಾಂಗ ಹರ್ಯಾಕತ್ತೈತಿ!"

ನಳಿನಿ ಬಾಗಿಲು ದೂಡಿಕೊಂಡು ಬಂದಳು. ಲಿಂಗಣ್ಣ ಒಳಗೂ ಹೋಗಲಾರದೆ ಇತ್ತಲೂ ಬರಲಾರದೆ ಅಲ್ಲಿಂದಲೇ "ಭೇಷ್!" ಎಂದು ಕೂಗಿದ. ಫೋನಿನಲ್ಲಿ ಅಮಿತನ ದನಿ: "ಮೋಹನ... ಬಿಸ್ಕಿಟ್ಟಾ?"

ಮೋಹನ ತಲೆ ಹಿಡಿದುಕೊಂಡು ಕಲ್ಲು, ಆಪರೇಷನ್ನು, ಬಂಡೆಮ್ಮನ ಉಪಚಾರ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅಮಿತ ಅಲ್ಲಿ ಇಂಗ್ಲಿಷಿನಲ್ಲಿ ಏನೋ ಅಂದ. ಸ್ವಲ್ಪ ತಡೆದು, ಕಡಲಾಚೆಯಿಂದ ಒಂದಿಷ್ಟು ಕೈಗಳು ಚಪ್ಪಾಳೆ ತಟ್ಟಿದವು.

"ಬಂಡೆಮ್ಮಾ, ಅಂಥದ್ದೇನು ತಿನ್ಸಿದ್ರಿ ಅದಕ್ಕೆ?" ಎಂದ ಅಮಿತ.

"ಮೊದಲ ನೀವು ಊರಿಗೆ ಬರ್ರಿ. ಕುಂಡ್ರಿಸಿ, ಊಟಕ್ಕ ಹಾಕಿ, ಎಲಿ ಕೊಟ್ಟು ಹೇಳ್ತೀನಿ."

ಆ ಸಂಜೆ ಬಂಡೆಮ್ಮ ಒದ್ದೆ ಸೀರೆಯಲ್ಲೇ ತಟ್ಟೆ ಹಿಡಿದು ಅಪಾರ್ಟ್‌ಮೆಂಟಿನ ಮನೆಮನೆಗೂ ಸಕ್ಕರೆ ಹಂಚಿದಳು. ಮೇಲಿನ ಮನೆಯ ಕೋಕಿಲಾ ಸಕ್ಕರೆ ಬಾಯಿಗೆ ಹಾಕಿಕೊಂಡು, "ಯಾರಿಗೆ ಹೆರಿಗೆ ಆತು? ಗಂಡೋ ಹೆಣ್ಣೋ?" ಎಂದಳು. "ಗಂಡು. ಉಚ್ಚಿ ಹೊಯ್ದ," ಎಂದು ಬಂಡೆಮ್ಮ ಮೆಟ್ಟಿಲಿಳಿದಳು.

ಮರುದಿನ ಊಟವಾದ ಮೇಲೆ ಚಂಚಿಯ ದಾರ ಸರಿಯಿತು. "ವೀಕ್ ವೀಕ್!" ಬಂಡೆಮ್ಮ ಒಂದು ಕಡ್ಡಿ ಒಣಹುಲ್ಲು ಆರಿಸಿ, ತುದಿ ಮುರಿದು, ಎಲೆ ಕೊಡುವ ಗತ್ತಿನಲ್ಲೇ ಸರಳಿನ ನಡುವೆ ಹಿಡಿದಳು. ತನ್ನ ಎಲೆಯನ್ನು ಬರಿದೇ ಮಡಚಿ ಬಾಯಿಗಿಟ್ಟಳು.

ಊಟಕ್ಕೆ ಬಂದಿದ್ದ ಲಿಂಗಣ್ಣ ಅವಳ ಮುಖ ನೋಡಿ ನಕ್ಕ. "ತುಟಿ ಬೆಳ್ಳಗ ಅದಾವಲ್ಲ? ಸುಣ್ಣ ತೀರೈತೇನು?"

"ಅದರ ಮುಂದ ಕುಂತು ನಾ ಒಬ್ಬಾಕಿನ ಹ್ಯಾಂಗ ತಿನ್ನಲಿ?" ಎಂದು ಬಂಡೆಮ್ಮ ಸಪ್ಪೆ ಎಲೆಯನ್ನು ಮುಖ ಸಿಂಡರಿಸಿಕೊಂಡು ಜಗಿದಳು. ಪಂಜರದೊಳಗೆ ಸಣ್ಣಗೆ ಸದ್ದಾಯಿತು. ಬಗ್ಗಿ ನೋಡಿದಳು. ಕಾಗದ ಒದ್ದೆಯಾಗಿತ್ತು, ನೀರಿನಷ್ಟು ತಿಳಿಯಾಗಿ.

"ನೋಡ, ನೋಡ! ಸಿಳ್ಳಿ ಇಲ್ಲದಾ ಮತ್ತ ಹೊಯ್ತು!"